ಇಟಲಿಯ ಲಂಜ್, ಸ್ಪೇನಿನ ಸುತ್ತುಹೆಜ್ಜೆ: ನನ್ನ ಕಾಲಿಗೆ ಒಗ್ಗಿದ್ದು ಯಾವುದು?

ಎರಡು ವರ್ಷದಿಂದ ರೇಪಿಯರ್ ಅನ್ನೋ ಹಳೇ ಯುರೋಪಿನ ಕತ್ತಿಯ ವರಸೆ ಕಲಿಯುತ್ತಿದ್ದೇನೆ. ಅಲಗು ಒಂದು ಮೀಟರ್‌ಗೂ ಜಾಸ್ತಿ ಉದ್ದ, ಕೆಲಸ ಮುಖ್ಯವಾಗಿ ಚುಚ್ಚೋದು. ಮೊದಲ ವರ್ಷ ಇಟಲಿಯ ಪದ್ಧತಿ, ಆಮೇಲೆ ಸ್ಪೇನಿನದು. ಕತ್ತಿ ಅದೇ, ಕಾಲಿನ ಕೆಲಸ ಮಾತ್ರ ಪೂರ್ತಿ ಬೇರೆ.

ಇಟಲಿಯದ್ದು ಅಂದರೆ ಲಂಜ್, ಅಂದರೆ ಮುಂದಿನ ಕಾಲನ್ನು ದೂರಕ್ಕೆ ಚಾಚಿಟ್ಟು ಚುಚ್ಚೋದು. 1610ರಲ್ಲಿ ಸಿಯೆನಾದಲ್ಲಿ ಅಚ್ಚಾದ, ಕತ್ತಿವರಸೆ ಗುರು ಕಾಪೊ ಫೆರ್ರೊ ಪುಸ್ತಕದಲ್ಲಿ ಇದರ ಚಿತ್ರವೇ ಇದೆ. ಶುರುವಿನಲ್ಲಿ ಮೈಭಾರ ಹಿಂದಿನ ಎಡಗಾಲಿನ ಮೇಲಿರಬೇಕು. ಮೊದಲು ಕೈ ಚಾಚಬೇಕು, ಆಮೇಲೆ ಬಲಗಾಲು. ನಾನು ತಿಂಗಳುಗಟ್ಟಲೆ ಉಲ್ಟಾ ಮಾಡಿದೆ. ನನ್ನ ಮೊಣಕಾಲು ಅಲುಗಿದ ಕೂಡಲೇ ಎದುರಿನವರಿಗೆ ಎಲ್ಲಾ ಗೊತ್ತಾಗಿಬಿಡುತ್ತಿತ್ತು. ಸರಿಯಾಗಿ ಬಂದ ದಿನದ ಮಜವೇ ಬೇರೆ. ಎಟುಕೋದಿಲ್ಲ ಅಂದುಕೊಂಡ ಎದೆಗೆ ಕತ್ತಿಯ ತುದಿ ತಾಗುತ್ತದೆ! ಕಷ್ಟ ಇರೋದು ವಾಪಸ್ ಬರೋದರಲ್ಲಿ. ಗುರಿ ತಪ್ಪಿದರೆ ಕಾಲು ಅಗಲಿಸಿಕೊಂಡು ಹೊಡೆತಕ್ಕೆ ಸಿಕ್ಕಿಬಿದ್ದ ಹಾಗೆಯೇ. ತಲೆಯನ್ನು ಮೊದಲು ಹಿಂದಕ್ಕೆ ತಂದರೆ ಮೈ, ಕಾಲು ಹಿಂದೆಯೇ ಬರುತ್ತವೆ. ಐವತ್ತು ಲಂಜ್ ಹಾಕಿದ ಮಾರನೇ ದಿನ ಮೆಟ್ಟಿಲು ಇಳಿಯುವ ಕಥೆ ಮಾತ್ರ ಕೇಳಬೇಡಿ.

ಸ್ಪೇನಿನದು ನೋಡೋಕೆ ಸುಮ್ನೆ ವಾಕಿಂಗ್. ಅಲ್ಲಿನ ಕತ್ತಿವರಸೆ ಗುರು ಪಚೆಕೊ 1600ರಲ್ಲಿ ಬರೆದ ಪುಸ್ತಕದ ತುಂಬಾ ರೇಖಾಗಣಿತ. ನೆಟ್ಟಗೆ ನಿಂತು, ಕೈಯನ್ನು ಭುಜದ ಮಟ್ಟಕ್ಕೆ ಚಾಚಿ, ಇಬ್ಬರ ನಡುವೆ ನೆಲದ ಮೇಲೆ ಒಂದು ವೃತ್ತ ಇದೆ ಅಂದುಕೊಂಡು ಅದರ ಅಂಚಿನಲ್ಲಿ ನಡೆಯಬೇಕು. ನಾನು ಹಗ್ಗ ಹಾಸಿಕೊಂಡು ಕಲಿತೆ. ಕಾಲು ಕಾಲಿಗೆ ಸಿಕ್ಕಿಕೊಳ್ಳುವ ಚಟ ಬಿಡೋಕೆ ಒಂದು ತಿಂಗಳು ಹಿಡಿಯಿತು. ಕಾಲಿಗೇನೋ ಆರಾಮ, ಆದರೆ ಒಂದು ಕಿಲೋ ಉಕ್ಕನ್ನು ಚಾಚಿ ಹಿಡಿದ ಭುಜ ಉರಿದುಹೋಗುತ್ತದೆ.

ಲಂಜ್ ಹಾಕುವವರ ಎದುರು ಈ ಸುತ್ತುಹೆಜ್ಜೆ ಬಲು ಚೆನ್ನಾಗಿ ನಡೆಯಿತು. ಅವರು ನೇರ ಬರುವಷ್ಟರಲ್ಲಿ ನಾನು ಪಕ್ಕಕ್ಕೆ ಸರಿದಿರುತ್ತಿದ್ದೆ. ಆದರೆ ಹಿಂದೆ ಹಿಂದೆ ಸರಿಯುವ ಉದ್ದ ಕೈಯವರ ಎದುರು ಎಷ್ಟು ಸುತ್ತಿದರೂ ಹತ್ತಿರ ಹೋಗೋಕಾಗಲಿಲ್ಲ. ಅಲ್ಲಿ ಲಂಜೇ ಬೇಕು.

ಶೂ ವಿಷಯ ಯಾರೂ ಹೇಳೋದಿಲ್ಲ. ರನ್ನಿಂಗ್ ಶೂ ನೆಲ ಕಚ್ಚಿ ಹಿಡಿಯುತ್ತದೆ. ಲಂಜ್‌ಗೆ ಅದು ಒಳ್ಳೆಯದೇ. ಸುತ್ತುವಾಗ ಮಾತ್ರ ಪಾದ ಅಂಟಿಕೊಂಡು ಮೊಣಕಾಲು ತಿರುಚುತ್ತದೆ. ತೆಳು ಅಟ್ಟೆಯ ಶೂ ಹಾಕಿದ ಮೇಲೆ ನನ್ನ ನೋವು ಹೋಯಿತು.

ಜರ್ಮನಿಯ ಕತ್ತಿವರಸೆ ಗುರು ಮೇಯರ್ 1570ರ ಪುಸ್ತಕದಲ್ಲಿ ತೋರಿಸುವ ದಾಟುಹೆಜ್ಜೆಯನ್ನೂ, ಅಂದರೆ ಹಿಂದಿನ ಕಾಲನ್ನು ಮುಂದಿನದಕ್ಕೂ ಮುಂದೆ ಇಡೋದನ್ನೂ, ನೋಡಿದೆ. ಎರಡು ಕೈಯ ಲಾಂಗ್‌ಸ್ವೋರ್ಡ್ ಬೀಸುವಾಗ ಅದು ಸೊಗಸು. ರೇಪಿಯರ್ ಹಿಡಿದು ಹಾಗೆ ದಾಟಿದಾಗಲೆಲ್ಲ ಎದುರಾಳಿಯ ಕತ್ತಿಗೆ ನಾನೇ ಎದೆ ಕೊಟ್ಟೆ.

ಈಗ ನಡೆಯೋದು ಸ್ಪೇನಿನ ಹಾಗೆ, ಕೊನೆಗೆ ಒಂದೇ ಒಂದು ಲಂಜ್. ಪಚೆಕೊ ನೋಡಿದ್ದರೆ ಬೈಯುತ್ತಿದ್ದರೇನೋ. ಜೊತೆಗೆ ಆಡುವವರಿಗಂತೂ ಈ ಗುಟ್ಟು ಆಗಲೇ ಗೊತ್ತಾಗಿದೆ, ಅದಕ್ಕೇ ಕಾಯುತ್ತಿರುತ್ತಾರೆ.