ಶೈತ್ಯೀಕರಿಸಿದ ಭ್ರೂಣದ ವರ್ಗಾವಣೆ: ಸಹಜ ಚಕ್ರವೋ, ಔಷಧಿ ಚಕ್ರವೋ?

ಕೊಡಗಿನಿಂದ ಮೈಸೂರಿಗೋ ಮಂಗಳೂರಿಗೋ ಹೋಗಿ ಐವಿಎಫ್ (ದೇಹದ ಹೊರಗೆ ಭ್ರೂಣ ಬೆಳೆಸುವ) ಚಿಕಿತ್ಸೆ ಪಡೆಯುವ ದಂಪತಿಗಳ ಮುಂದೆ, ಶೈತ್ಯೀಕರಿಸಿಟ್ಟ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಲು ವೈದ್ಯರು ಸಾಮಾನ್ಯವಾಗಿ ಎರಡು ದಾರಿಗಳನ್ನು ಇಡುತ್ತಾರೆ: ಮುಟ್ಟಿನ ಸಹಜ ಚಕ್ರ, ಇಲ್ಲವೇ ಹಾರ್ಮೋನು ಔಷಧಿಗಳಿಂದ ಗರ್ಭಕೋಶವನ್ನು ಸಜ್ಜುಗೊಳಿಸುವ ಔಷಧಿ ಚಕ್ರ.

ಸಹಜ ಚಕ್ರದಲ್ಲಿ ಅಂಡಾಣು ಬಿಡುಗಡೆಯಾದ ಮೇಲೆ ಅಂಡಾಶಯದಲ್ಲಿ ಕಾರ್ಪಸ್ ಲೂಟಿಯಂ ಎಂಬ ತಾತ್ಕಾಲಿಕ ಗ್ರಂಥಿ ರೂಪುಗೊಂಡು, ಪ್ರೊಜೆಸ್ಟರಾನ್ ಮತ್ತು ಈಸ್ಟ್ರೊಜೆನ್‌ಗಳ ಜೊತೆಗೆ ರಿಲ್ಯಾಕ್ಸಿನ್ ಎಂಬ ಹಾರ್ಮೋನನ್ನೂ ಸ್ರವಿಸುತ್ತದೆ. ಔಷಧಿ ಚಕ್ರದಲ್ಲಿ ಅಂಡಾಣು ಬಿಡುಗಡೆಯೇ ಆಗದಿರುವುದರಿಂದ ಆ ಗ್ರಂಥಿ ಹುಟ್ಟುವುದಿಲ್ಲ. ಮೊದಲೆರಡು ಹಾರ್ಮೋನುಗಳನ್ನು ಮಾತ್ರೆ, ಚುಚ್ಚುಮದ್ದುಗಳಿಂದ ಒದಗಿಸಬಹುದಾದರೂ, ರಕ್ತನಾಳಗಳು ಗರ್ಭಾವಸ್ಥೆಗೆ ಹೊಂದಿಕೊಳ್ಳಲು ನೆರವಾಗುವ ರಿಲ್ಯಾಕ್ಸಿನ್ ಸಿಗುವುದಿಲ್ಲ. ಔಷಧಿ ಚಕ್ರದ ಗರ್ಭಿಣಿಯರಲ್ಲಿ ರಕ್ತದೊತ್ತಡದ ತೊಡಕಾದ ಪ್ರಿಎಕ್ಲಾಂಪ್ಸಿಯಾ ಹೆಚ್ಚಾಗಿ ಕಂಡುಬಂದಿರುವುದಕ್ಕೆ ಈ ಕೊರತೆಯೂ ಕಾರಣವಿರಬಹುದೆಂದು ಸಂಶೋಧಕರು ಭಾವಿಸುತ್ತಾರೆ. ಗರ್ಭ ಕಟ್ಟುವ ಸಾಧ್ಯತೆಯಲ್ಲಿ ಮಾತ್ರ ದೊಡ್ಡ ಅಂತರವಿಲ್ಲ.

ಅನುಕೂಲದ ಲೆಕ್ಕವೇ ಬೇರೆ. ಸಹಜ ಚಕ್ರದಲ್ಲಿ ವರ್ಗಾವಣೆಯ ದಿನವನ್ನು ಅಂಡಾಶಯವೇ ಗೊತ್ತುಮಾಡುವುದರಿಂದ, ಸ್ಕ್ಯಾನ್‌ಗೆಂದು ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲೂ ಮತ್ತೆ ಮತ್ತೆ ಮಂಗಳೂರು ದಾರಿಯ ಸಂಪಾಜೆ ಘಾಟಿ ಇಳಿಯಬೇಕಾದೀತು (2018ರ ಭೂಕುಸಿತದಲ್ಲಿ ಆ ರಸ್ತೆಯೇ ಮುಚ್ಚಿತ್ತು). ಔಷಧಿ ಚಕ್ರದಲ್ಲಿ ದಿನವನ್ನು ಮೊದಲೇ ಗೊತ್ತುಮಾಡಬಹುದು. ಆದರೆ ಗರ್ಭ ನಿಂತರೆ ಸುಮಾರು 10ರಿಂದ 12 ವಾರಗಳವರೆಗೆ ಪ್ರೊಜೆಸ್ಟರಾನ್ ತಪ್ಪಿಸುವಂತಿಲ್ಲ, ಏಕೆಂದರೆ ಮಾಸು ಆ ಕೆಲಸವನ್ನು ವಹಿಸಿಕೊಳ್ಳುವವರೆಗೆ ಬೇರೆ ಆಸರೆಯಿರುವುದಿಲ್ಲ.

ಮುಟ್ಟು ಕ್ರಮಬದ್ಧವಾಗಿದ್ದವರು, ಅದರಲ್ಲೂ ರಕ್ತದೊತ್ತಡದ ಇತಿಹಾಸವಿದ್ದವರು, ಓಡಾಟ ಹೆಚ್ಚಾದರೂ ಸಹಜ ಚಕ್ರದ ಬಗ್ಗೆಯೇ ಮೊದಲು ವೈದ್ಯರನ್ನು ಕೇಳುವುದು ಒಳಿತೆಂದು ನನ್ನ ಅಭಿಪ್ರಾಯ; ಪಿಸಿಓಎಸ್‌ನಿಂದ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನು ತೊಂದರೆ) ಮುಟ್ಟು ಏರುಪೇರಾಗಿರುವವರಿಗೆ ಔಷಧಿ ಚಕ್ರವಲ್ಲದೆ, ಲೆಟ್ರೊಜೋಲ್ ಎಂಬ ಮಾತ್ರೆ ಕೊಟ್ಟು ಅಂಡಾಣು ಬಿಡುಗಡೆ ಮಾಡಿಸುವ ಮಾರ್ಗವೂ ಇದೆ.