ಸಟನ್ ಹೂ: ಒಡವೆ ಲಂಡನ್ನಿನಲ್ಲಿ, ದಿಬ್ಬ ಸಫೋಕಿನಲ್ಲಿ

ಸಟನ್ ಹೂ ಅಂದರೆ ಇಂಗ್ಲೆಂಡಿನ ಪೂರ್ವಕ್ಕಿರುವ ಸಫೋಕ್ ಸೀಮೆಯಲ್ಲಿ, ಸುಮಾರು ಸಾವಿರದ ನಾನೂರು ವರ್ಷದ ಹಿಂದೆ ದೊಡ್ಡ ಮನುಷ್ಯನೊಬ್ಬನನ್ನು ಹಡಗು, ಒಡವೆ ಸಮೇತ ದಿಬ್ಬದಡಿ ಹೂತ ಜಾಗ. ಅಲ್ಲಿಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ಚಿನ್ನ ಇಲ್ಲ. 1939ರಲ್ಲಿ ಅಲ್ಲಿ ಸಿಕ್ಕಿದ ನಿಧಿ ಇರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ 41ನೇ ಕೋಣೆಯಲ್ಲಿ, ಅದೂ ಬಿಟ್ಟಿ ಪ್ರವೇಶ. ಸಫೋಕಿನಲ್ಲಿರುವುದು ಹುಲ್ಲು ಹೊದ್ದ ದಿಬ್ಬಗಳು, ಪ್ರತಿಕೃತಿಗಳ ಪ್ರದರ್ಶನ, ಜಮೀನಿನ ಒಡತಿ ಎಡಿತ್ ಪ್ರಿಟಿ ಇದ್ದ ಮನೆ. ಜಾಗ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯವರ ಟಿಕೆಟ್ ಬೇಕು. ಹಾಗಂತ ಹೋಗಬೇಡಿ ಎನ್ನುತ್ತಿಲ್ಲ. ಲಂಡನ್ ಮೊದಲು, ಸಫೋಕ್ ಆಮೇಲೆ. ಲಂಡನ್ನಿಗೆ ಬಾರದೆ ನೇರ ದಿಬ್ಬಕ್ಕೇ ಬಂದ ನಮ್ಮ ಅಳಿಯಂದಿರು "ಈ ಗುಡ್ಡೆ ನೋಡೋಕೆ ಇಷ್ಟು ದೂರ ಬಂದ್ವಾ ಮಾವ" ಅಂದರು.

ನಮ್ಮದು ಚಿನ್ನದ ಕೆಲಸದ ಮನೆತನ. 41ನೇ ಕೋಣೆಯಲ್ಲಿ ಜನ ಮುತ್ತುವುದು ಶಿರಸ್ತ್ರಾಣದ ಸುತ್ತ. ನೂರಾರು ಚೂರುಗಳನ್ನು ಕೂಡಿಸಿ ಎಬ್ಬಿಸಿದ್ದು, ಇರಲಿ. ನಾನು ನಿಂತಿದ್ದು ಭುಜದ ಮೇಲೆ ಉಡುಪು ಬಿಗಿಯುವ ಕೊಂಡಿಗಳ ಮುಂದೆ. ಗಾರ್ನೆಟ್ ಎಂಬ ಕೆಂಪು ಹರಳನ್ನು ಮೆಟ್ಟಿಲು ಮೆಟ್ಟಿಲಾಗಿ ತೆಳ್ಳಗೆ ಕೊಯ್ದು, ಚಿನ್ನದ ಪಟ್ಟಿಯಲ್ಲಿ ಕಟ್ಟಿದ ಪುಟ್ಟ ಮನೆಗಳಲ್ಲಿ ಕೂರಿಸಿದ್ದಾರೆ. ಹರಳಿನಡಿ ಚಿನ್ನದ ತಗಡು, ಆ ತಗಡಿನ ಮೇಲೆ ಕಣ್ಣಿಗೆ ಕಂಡೂ ಕಾಣದಂಥ ಚೌಕುಳಿ ಅಚ್ಚು. ಒಳಹೊಕ್ಕ ಬೆಳಕು ಆ ಅಚ್ಚಿಗೆ ತಾಗಿ ಚದುರಿ ವಾಪಸು ಬರುವುದಕ್ಕೇ ಕೆಂಪು ಅಷ್ಟು ಹೊಳೆಯುವುದು. ತಗಡಿಟ್ಟು ಹರಳು ಕಟ್ಟುವುದು ನಮ್ಮವರಿಗೆ ಹೊಸದೇನಲ್ಲ. ಆದರೆ ಈಗಿನ ದೀಪ, ಭೂತಗನ್ನಡಿ ಇಟ್ಟುಕೊಂಡೂ ಹೀಗೆ ಸಂದಿಲ್ಲದೆ ಕೂರಿಸುವ ಕೈ ಎಷ್ಟಿವೆ ಹೇಳಿ. ಕೊಂಡಿಯ ತುದಿಯಲ್ಲಿ ಎರಡು ಕಾಡುಹಂದಿಗಳು ಒಂದಕ್ಕೊಂದು ಅಡ್ಡ ಹಾಯ್ದು ನಿಂತಿವೆ. ಇವು ಹಂದಿ ಅಂತ ಹೊಳೆಯಲು ನನಗೆ ಸ್ವಲ್ಪ ಹೊತ್ತೇ ಬೇಕಾಯಿತು. ಪಕ್ಕದ ನಡುಪಟ್ಟಿಯ ಬಕಲ್ ಹತ್ತಿರ ಹತ್ತಿರ 413 ಗ್ರಾಂ ಚಿನ್ನ. ಒಂದು ಹರಳೂ ಇಲ್ಲ, ಬರೀ ಹಾವು, ಮೃಗಗಳ ಹೆಣಿಗೆ.

ಈ ಒಡವೆಯ ಯಜಮಾನ ಯಾರು? ಸಫೋಕ್ ಸೀಮೆ ಸೇರಿದ್ದ ಪೂರ್ವ ಆಂಗ್ಲಿಯಾ ರಾಜ್ಯದ ದೊರೆ ರೆಡ್ವಾಲ್ಡ್ ಇರಬೇಕು, 625ರ ಆಸುಪಾಸಿನಲ್ಲಿ ತೀರಿಕೊಂಡವನು ಎಂದು ಹೆಚ್ಚಿನವರ ಊಹೆ. ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು, ಹಳೇ ದೇವರುಗಳಿಗೊಂದು ಪೀಠ ಇಟ್ಟಿದ್ದ ಎಂದು ಬೀಡ್ ಎಂಬ ಪಾದ್ರಿ ಆಕ್ಷೇಪಿಸಿ ಬರೆದಿದ್ದಾನೆ. ನಮಗೆ ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಕಾಣುವುದಿಲ್ಲ, ಬಿಡಿ. ರೋಮನ್ನರು ಹೋದ ಮೇಲೆ, ಐದನೇ ಶತಮಾನದಲ್ಲಿ, ಈಗಿನ ಜರ್ಮನಿ-ಡೆನ್ಮಾರ್ಕ್ ಕಡೆಯಿಂದ ದೋಣಿ ಹತ್ತಿ ಬಂದ ಆಂಗ್ಲರ ಕುಲದವನು ಈತ. ಗೋರಿಯ ಸಾಮಾನೂ ಅಷ್ಟೇ, ಎಲ್ಲೆಲ್ಲಿಂದಲೋ ಬಂದದ್ದು. ಬೆಳ್ಳಿ ಹರಿವಾಣ ಬೈಜಾಂಟಿಯಂದು (ಪೂರ್ವ ರೋಮನ್ ಸಾಮ್ರಾಜ್ಯದ್ದು), 37 ಚಿನ್ನದ ನಾಣ್ಯ ಈಗಿನ ಫ್ರಾನ್ಸ್ ಕಡೆಯ ಫ್ರಾಂಕರ ಟಂಕಸಾಲೆಗಳವು, ದೊಡ್ಡ ಗಾರ್ನೆಟ್‌ಗಳು ಭಾರತ ಅಥವಾ ಶ್ರೀಲಂಕಾದವು ಎಂದು ತಜ್ಞರು ಹೇಳುತ್ತಾರೆ. ಇಂಗ್ಲಿಷರ ಮೂಲ ನೋಡಬೇಕೆಂದು ಬಂದವನಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೆಲ್ಲೂ ಸಿಗಲಿಕ್ಕಿಲ್ಲ.

ಇಷ್ಟು ತಲೆಯಲ್ಲಿದ್ದರೆ ದಿಬ್ಬವೂ ಮಾತಾಡುತ್ತದೆ. ಪ್ರಿಟಿಯವರು ಕರೆಸಿದ ಪುರಾತತ್ವಜ್ಞ ಬೇಸಿಲ್ ಬ್ರೌನ್ ಅಗೆದಾಗ ಹಡಗಿನ ಮರವೆಲ್ಲ ಕರಗಿಹೋಗಿತ್ತು. ಉಳಿದದ್ದು ಸಾಲು ಸಾಲು ತುಕ್ಕುಹಿಡಿದ ಮೊಳೆ ಮತ್ತು ಮರಳಿನಲ್ಲಿ ಮೂಡಿದ 27 ಮೀಟರ್ ಉದ್ದದ ಅಚ್ಚು. ಹುಳಿಮಣ್ಣಿಗೆ ಸಿಕ್ಕಿ ಹೆಣದ ಗುರುತೂ ಇರಲಿಲ್ಲ. 17 ಮೀಟರ್ ಎತ್ತರದ ಗೋಪುರ ಹತ್ತಿದರೆ ದಿಬ್ಬಗಳೂ ಡೆಬನ್ ನದಿಯೂ ಒಟ್ಟಿಗೆ ಕಾಣುತ್ತವೆ. ಇಷ್ಟು ದೊಡ್ಡ ಹಡಗನ್ನು ಇಲ್ಲಿಗೆ ಹೇಗೆ ಎಳೆದು ತಂದರು ಎಂಬುದು ಆಗ ಅಂದಾಜಾಗುತ್ತದೆ. ಗೋಪುರ ಬಿಡಬೇಡಿ.

ಮನೆಯೊಳಗಿನ 1939ರ ಕಥೆಯೂ ಚೆನ್ನಾಗಿದೆ. ಹೂತವರಿಗೆ ಮತ್ತೆ ತೆಗೆಯುವ ಉದ್ದೇಶ ಇರಲಿಲ್ಲವಾದ್ದರಿಂದ ಇದು ಸರಕಾರಕ್ಕೆ ಸೇರುವ ನಿಧಿಯಲ್ಲ, ಪ್ರಿಟಿಯವರದೇ ಎಂದು ಪಂಚರು ತೀರ್ಪು ಕೊಟ್ಟರು. ಆ ಹೆಣ್ಣುಮಗಳು ಅಷ್ಟನ್ನೂ ಮ್ಯೂಸಿಯಂಗೆ ದಾನ ಮಾಡಿದರು! ಸ್ವಲ್ಪ ದಿನಕ್ಕೇ ಯುದ್ಧ ಶುರುವಾಯಿತು, ಒಡವೆಗಳು ಲಂಡನ್ನಿನ ನೆಲದಡಿಯ ರೈಲು ಸುರಂಗ ಸೇರಿದವು.

ರೈಲಿನಲ್ಲಿ ಬರುವವರು ಮೆಲ್ಟನ್‌ನಲ್ಲಿ ಇಳಿಯಿರಿ, ಅಲ್ಲಿಂದ ಅರ್ಧ ಗಂಟೆ ನಡಿಗೆ. ಸಮಯ ಉಳಿದರೆ ನದಿಯಾಚೆ ವುಡ್‌ಬ್ರಿಜ್‌ನ ಲಾಂಗ್‌ಶೆಡ್‌ಗೂ ಹೋಗಿ. ಅಲ್ಲಿ ಸ್ವಯಂಸೇವಕರು ಓಕ್ ಮರ ಸೀಳಿ, ಕೊಡಲಿಯಲ್ಲಿ ಕೆತ್ತಿ, ಅದೇ ಅಳತೆಯ ಹಡಗು ಕಟ್ಟುವ ಕೆಲಸ ಹಿಡಿದಿದ್ದಾರೆ. ತೆರೆದಿರುವ ದಿನ ಮೊದಲೇ ನೋಡಿಕೊಳ್ಳಿ.