ಹಂಚು, ಕಡಾಯಿಗೆ ಯಾವ ಹಿಡಿಕೆ: ಬೇಕಲೈಟ್, ಕಟ್ಟಿಗೆ, ಸ್ಟೀಲ್ ಮೂರೂ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ರಿವೆಟ್, ಅಂದರೆ ಸ್ಕ್ರೂ ಬದಲು ಬಡಿದು ಕೂರಿಸುವ ಲೋಹದ ಮೊಳೆ, ಹೊಡೆದ ಸ್ಟೀಲ್ ಹಿಡಿಕೆಗೇ ನನ್ನ ಓಟು. ಈಚೆಗೆ ಹುಬ್ಬಳ್ಳಿಯ ದುರ್ಗದಬೈಲ್‌ನಲ್ಲಿ ತಂದ ಹಂಚಿಗೂ ಕಡಾಯಿಗೂ ಅದೇ ಇದೆ. ಅದಕ್ಕೂ ಮುಂಚೆ ಕಪ್ಪು ಬೇಕಲೈಟ್ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಹಿಡಿಕೆಯದು, ಕಟ್ಟಿಗೆ ಹಿಡಿಕೆಯದು ಎರಡೂ ನಮ್ಮ ಮನೆಯಲ್ಲಿ ದುಡಿದಿವೆ. ಭಾಂಡೆ ಅಂಗಡಿಗೆ ಹೋದರೆ ತಳ ದಪ್ಪ ಇದೆಯಾ, ಎಷ್ಟು ಅಗಲ ಅಂತ ಎಲ್ಲರೂ ಕೇಳುತ್ತೇವೆ. ದಿನಾ ಕೈಗೆ ಬರುವುದು ಹಿಡಿಕೆ, ಅದನ್ನು ಮಾತ್ರ ಸುಮ್ನೆ ಒಮ್ಮೆ ಹಿಡಿದು ಬಿಟ್ಟುಬಿಡುತ್ತೇವೆ.

ಬೇಕಲೈಟ್‌ನ ಒಳ್ಳೆಯ ಗುಣ ಎಲ್ಲರಿಗೂ ಗೊತ್ತು. ಕೈ ಸುಡುವುದಿಲ್ಲ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಕಂಡುಹಿಡಿದ ಈ ವಸ್ತು ಅಚ್ಚಿನಲ್ಲಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ, ಶಾಖವನ್ನೂ ಕರೆಂಟನ್ನೂ ಸುಲಭಕ್ಕೆ ದಾಟಿಸುವುದಿಲ್ಲ. ನಮ್ಮ ಅತ್ತೆಯವರಿಗೆ ಬೆರಳಿನ ಕೀಲು ನೋವು, ಅವರಿಗೆ ದಪ್ಪನೆಯ ಆ ಹಿಡಿಕೆಯೇ ಹಿತ.

ತಕರಾರು ಇರುವುದು ಹಿಡಿಕೆಯ ಮೇಲಲ್ಲ, ಅದನ್ನು ಹಂಚಿಗೆ ಕೂಡಿಸುವ ಸ್ಕ್ರೂ ಮೇಲೆ. ಲೋಹ ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಬೇಕಲೈಟ್ ಅದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ದಿನಕ್ಕೆರಡು ಸಲ ಹೀಗಾದರೆ ಸ್ಕ್ರೂ ಸಡಿಲ ಆಗದೆ ಏನಾಗುತ್ತದೆ? ಜೋಳದ ರೊಟ್ಟಿ ಮಾಡುವವರಿಗೆ ಇದರ ಕಾಟ ಜಾಸ್ತಿ. ರೊಟ್ಟಿ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರುವಾಗ ಎಡಗೈಯಲ್ಲಿ ಹಿಡಿಕೆ ಹಿಡಿದಿರುತ್ತೇವೆ. ಹಿಡಿಕೆ ನಿಂತಲ್ಲೇ ಇರುತ್ತದೆ, ಹಂಚು ಮಾತ್ರ ಒಂದು ಕಡೆ ಹೊರಳುತ್ತದೆ, ರೊಟ್ಟಿಯ ಅಂಚು ಹರಿಯುತ್ತದೆ. ಬಿಗಿ ಮಾಡಿದರೆ ಒಂದಿಷ್ಟು ದಿನ ಸರಿ, ಮತ್ತೆ ಅದೇ ಕಥೆ. ಇನ್ನೂ ಬಿಗಿ ಮಾಡಲು ಹೋದರೆ ಸ್ಕ್ರೂ ಕೂತಿರುವ ಜಾಗದಲ್ಲೇ ಬೇಕಲೈಟ್ ಸೀಳು ಬಿಡುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಸಡಿಲಾದ ಸಂದಿಯಿಂದ ಭಾಂಡೆ ತಿಕ್ಕುವ ನೀರು ಹಿಡಿಕೆಯ ಟೊಳ್ಳಿನೊಳಗೆ ಹೋಗಿ ಕೂರುತ್ತದೆ. ಹೊರಗೆ ಒರೆಸಿದರೂ ಒಳಗಿನದು ಆರುವುದಿಲ್ಲ. ಮರುದಿನ ಹಂಚು ಎತ್ತಿದಾಗ ತುಕ್ಕು ಬಣ್ಣದ ನೀರು ಕಟ್ಟೆಯ ಮೇಲೆ ಹನಿಯುತ್ತದೆ, ಕಾದ ಹಂಚಿನ ಮೇಲೆ ಬಿದ್ದರೆ ಚುಂಯ್ ಅಂತ ಸಿಡಿಯುತ್ತದೆ. ಒಳಗಿನ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದ ಮೇಲೆ ಅದನ್ನು ಬಿಚ್ಚಿ ಬೇರೆ ಹಾಕುವುದೂ ಕಷ್ಟ. ಕೊನೆಗೆ ಏನೂ ಆಗದ ಹಂಚನ್ನು ಹಿಡಿಕೆಯ ಸಲುವಾಗಿ ಮೂಲೆಗೆ ಇಡಬೇಕಾಯಿತು. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಎರಡು ಬರ್ನರ್‌ನ ಒಲೆ ಇದ್ದವರು ಇದನ್ನೂ ನೋಡಿ. ಉದ್ದ ಹಿಡಿಕೆ ಪಕ್ಕದ ಬರ್ನರ್ ಮೇಲೆ ಚಾಚಿಕೊಳ್ಳುತ್ತದೆ. ಬೇಕಲೈಟ್ ಕರಗುವುದಿಲ್ಲ ನಿಜ, ಆದರೆ ನೇರ ಉರಿ ತಾಗಿದರೆ ಸುಟ್ಟು ಬಿರಿಯುತ್ತದೆ, ಆ ವಾಸನೆ ಅಡಿಗೆಮನೆ ಬಿಟ್ಟು ಹೋಗುವುದಿಲ್ಲ. ತೆಳು ಅಲ್ಯೂಮಿನಿಯಂ ತವೆಯಾದರೆ ಖಾಲಿ ಇಟ್ಟಾಗ ಹಿಡಿಕೆಯ ಭಾರಕ್ಕೇ ವಾಲುತ್ತದೆ.

ಕಟ್ಟಿಗೆ ಹಿಡಿಕೆ ನೋಡಲು ಚೆಂದ, ಹಿಡಿಯಲು ಇನ್ನೂ ಚೆಂದ. ತಕ್ಷಣ ತೊಳೆದು ಒರೆಸಿಡುವವರಿಗೆ ಸರಿ. ನಮ್ಮಲ್ಲಿ ರಾತ್ರಿಯ ಭಾಂಡೆ ಬೆಳಗಿನವರೆಗೆ ನೀರಿನಲ್ಲಿ ನೆನೆಯುತ್ತವೆ, ಕಟ್ಟಿಗೆ ಉಬ್ಬಿ ಸೀಳು ಬಂತು.

ಎರಕದ ಕಬ್ಬಿಣದ್ದು ಹಿಡಿಕೆ ಸಮೇತ ಒಂದೇ ತುಂಡು, ಸಡಿಲಾಗುವ ಮಾತೇ ಇಲ್ಲ, ಆದರೆ ಹಂಚಿನ ಜೊತೆ ಹಿಡಿಕೆಯೂ ಕಾಯುತ್ತದೆ, ಭಾರವೂ ಜಾಸ್ತಿ. ಗದಗಿನಲ್ಲಿರುವ ಅವ್ವ ಹಿಡಿಕೆಯೇ ಇಲ್ಲದ ಹಂಚು, ಒಂದು ಇಕ್ಕಳ, ಇಷ್ಟರಲ್ಲೇ ಮನೆ ತುಂಬ ಜನಕ್ಕೆ ರೊಟ್ಟಿ ಬಡಿಯುತ್ತಾಳೆ. ಅವಳ ಕೈಗೆ ಅದು ರೂಢಿ. ನನಗೆ ತುಂಬಿದ ಕಡಾಯಿಯನ್ನು ಇಕ್ಕಳದಲ್ಲಿ ಎತ್ತಲು ಧೈರ್ಯ ಸಾಲದು.

ಈಗ ಸ್ಟೀಲ್. ಸುಡುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಆದರೆ ಸ್ಟೇನ್‌ಲೆಸ್ ಸ್ಟೀಲ್ ಶಾಖ ಸಾಗಿಸುವುದು ಅಲ್ಯೂಮಿನಿಯಂ ಸಾಗಿಸುವುದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಒಳಗೆ ಟೊಳ್ಳಿರುವ ಉದ್ದ ಹಿಡಿಕೆಯಾದರೆ ತುದಿಯ ಕಡೆ ಬರಿಗೈಯಲ್ಲೇ ಹಿಡಿಯಬಹುದು. ಉರಿ ದೊಡ್ಡದಿಟ್ಟು ರೊಟ್ಟಿ ಮೇಲೆ ರೊಟ್ಟಿ ಮಾಡಿದಾಗ ಬಿಸಿ ತಾಗುತ್ತದೆ, ಆಗ ಒಣ ಅರಿವೆ ಬೇಕು. ಕಡಾಯಿಯ ಎರಡು ಕಿವಿಗಳಿಗಂತೂ ಯಾವಾಗಲೂ ಅರಿವೆ ಬೇಕೇ ಬೇಕು. ಒದ್ದೆ ಅರಿವೆ ಬೇಡ, ಬಿಸಿ ಅದರೊಳಗಿಂದ ಬೇಗ ಕೈಗೆ ಬರುತ್ತದೆ. ರಿವೆಟ್ ಸುತ್ತ ಜಿಡ್ಡು ಕೂರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ ಒಂದು ಅಲ್ಲೇ ಇಟ್ಟಿದ್ದೇನೆ. ವೆಲ್ಡಿಂಗ್ ಚುಕ್ಕೆಯಿಂದ ಅಂಟಿಸಿದ ಅಗ್ಗದ್ದನ್ನು ಮಾತ್ರ ತರಬೇಡಿ, ಚುಕ್ಕೆ ಬಿಟ್ಟರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ಬೆಲೆ ಬೇಕಲೈಟ್‌ನದಕ್ಕಿಂತ ಜಾಸ್ತಿಯೇ ಆಯಿತು, ಸುಮಾರು ಒಂದೂವರೆ ಪಟ್ಟು. ಹಿಡಿಕೆಗೋಸ್ಕರ ಮತ್ತೆ ಹಂಚು ಕೊಳ್ಳುವುದಿಲ್ಲ ಅನ್ನುವ ಲೆಕ್ಕದಲ್ಲಿ ನನಗೆ ಅದು ಒಪ್ಪಿಗೆ. ಬರಿಗೈಯಲ್ಲೇ ಎತ್ತುವ ರೂಢಿ ಇದ್ದವರು, ಮನೆಯಲ್ಲಿ ಮಕ್ಕಳೂ ಒಲೆ ಮುಟ್ಟುವಂತಿದ್ದರೆ, ಬೇಕಲೈಟ್‌ನದೇ ತಗೊಳ್ಳಿ. ಬಿಡಿ ಹಿಡಿಕೆ ಸಿಗುತ್ತದೆಯೇ ಅಂತ ಮಾತ್ರ ಕೇಳಿಕೊಂಡು ತಗೊಳ್ಳಿ.

ಕೊಳ್ಳುವಾಗ ಕರವಸ್ತ್ರ ಮಡಚಿ ಹಿಡಿಕೆಗೆ ಸುತ್ತಿ ಎತ್ತಿ ನೋಡಿ. ಕಡಾಯಿ ಕಿವಿಯೊಳಗೆ ಬಟ್ಟೆ ಸಮೇತ ಬೆರಳು ಹೋಗದಿದ್ದರೆ ಅದು ಬೇಡ. ಖಾಲಿ ತವೆಯನ್ನು ಸಮ ಜಾಗದಲ್ಲಿಟ್ಟು ವಾಲುತ್ತದೆಯೇ ನೋಡಿ, ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ.

ಕುಕ್ಕರ್ ಮಾತು ಬೇರೆ. ಮುಚ್ಚಳ ತಿರುಗಿಸಿ ಕೂಡಿಸುವ ಕುಕ್ಕರಿಗೆ ಬೇಕಲೈಟೇ ಇರಲಿ. ಅದರ ಸ್ಕ್ರೂ ಮಾತ್ರ ಗ್ಯಾಸ್ಕೆಟ್ ಬದಲಿಸುವಾಗಲೆಲ್ಲ ಒಮ್ಮೆ ಬಿಗಿ ಮಾಡಿ, ಹಿಡಿಕೆ ಸೀಳಿದ್ದರೆ ಅವತ್ತೇ ಹೊಸದು ಹಾಕಿಸಿ.